ರಘು ದೀಕ್ಷಿತರನ್ನು ಎಲ್ಲಿಂದ ಕೇಳುವುದು?

(ಗುಂಡ್ಲುಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ಆಮಂತ್ರಣ ಪತ್ರಿಕೆಯಲ್ಲಿ 'ದೀಕ್ಷಿತರು' ಎಂಬುದನ್ನು ಕಂಡು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ಬಗ್ಗೆ ಕೇಳಲು ಬಂದವರು ಯಾರಾದರೂ ಇದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಮಾತಾಡಬೇಕೆಂದಿರುವುದು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರ್ ತೂಗುಹಾಕಿಕೊಂಡು ಹಾಡುವ ಮೈಸೂರಿನ ರಘು ದೀಕ್ಷಿತರ ಬಗ್ಗೆ. ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ತೀರಾ ಈಚೆಗೆ ಬಂದರೆ ಭಾವಗೀತೆ, ಅಲ್ಲಿಗೆ ನಿಲ್ಲುವುದು ನಮ್ಮ ರೂಢಿ. ಆದರೆ ಈ ದತ್ತಿಯನ್ನು ಇಟ್ಟ ಹಿರಿಯರು ಕನ್ನಡದ ಹಾಡುಗಾರಿಕೆಯ ಬಗ್ಗೆ ಮಾತಾಡಬೇಕು ಎಂದಷ್ಟೇ ಷರತ್ತು ಹಾಕಿದ್ದಾರೆ. ಪಕ್ಕವಾದ್ಯ ಯಾವುದಿರಬೇಕು ಅಂತ ಬರೆದಿಲ್ಲ. ಅದು ನನ್ನ ಪುಣ್ಯ.

ವಿಷಯಕ್ಕೆ ಬರುತ್ತೇನೆ. ಹುಡುಗರು ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: "ಸಾರ್, ರಘು ದೀಕ್ಷಿತ್ ಹಾಡು ಎರಡೋ ಮೂರೋ ಗೊತ್ತು, ಪೂರ್ತಿ ಕೇಳಬೇಕು, ಯಾವ ಆಲ್ಬಂನಿಂದ ಶುರುಮಾಡಲಿ?" ಪ್ರಶ್ನೆ ಸಣ್ಣದು ಅನ್ನಿಸುತ್ತದೆ. ಹಿಂದೆ ಕ್ಯಾಸೆಟ್ ಅಂಗಡಿಯಲ್ಲಿ ಇದ್ದದ್ದೇ ಒಂದೋ ಎರಡೋ, ಸಿಕ್ಕಿದ್ದರಿಂದ ಶುರುಮಾಡುತ್ತಿದ್ದೆವು. ಈಗ ಎಲ್ಲವೂ ಅಂಗೈಯಲ್ಲಿದೆ. ಯಾವುದು ಮೊದಲು ಎಂದು ಫೋನೇ ನಿರ್ಧಾರ ಮಾಡಿ ಅತಿ ಹೆಚ್ಚು ಜನ ಕೇಳಿದ್ದನ್ನು ಮೇಲೆ ತಂದು ಇಡುತ್ತದೆ. ಅದನ್ನೇ ಒತ್ತುತ್ತೀರಿ, ಎರಡು ಹಾಡು ಕೇಳುತ್ತೀರಿ, ಮೂರನೆಯದರ ಹೊತ್ತಿಗೆ ಅದು ನಿಮ್ಮನ್ನು ಇನ್ಯಾರದೋ ಮನೆಗೆ ಕರೆದುಕೊಂಡು ಹೋಗಿರುತ್ತದೆ.

ಮೊದಲು ಮನುಷ್ಯನ ಪರಿಚಯ. 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ಪಡೆದವರು. ಕ್ರಮವಾಗಿ ಭರತನಾಟ್ಯ ಕಲಿತವರು. ಗಿಟಾರ್ ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ, ಅದೂ ಸ್ನೇಹಿತನೊಬ್ಬನ ಜೊತೆ ಕಟ್ಟಿದ ಪಂಥದಿಂದ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ ಬಂದದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್'. 2008ರಲ್ಲಿ ಮೊದಲ ಆಲ್ಬಂ ಬಂತು, ಹೊರತಂದವರು ಹಿಂದಿ ಸಿನಿಮಾದ ವಿಶಾಲ್–ಶೇಖರ್ ಜೋಡಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಮರುವರ್ಷ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ಹೊಸಬರ ಸಾಲಿನ ಪ್ರಶಸ್ತಿ ಕೊಟ್ಟಿತು. 2013ರಲ್ಲಿ ಎರಡನೆಯ ಆಲ್ಬಂ 'ಜಗ್ ಚಂಗಾ' ಬಂತು. ಅದಾದ ಮೇಲೆ ಸುಮಾರು ಹತ್ತು ವರ್ಷ ಕಾಯಿಸಿ ಬಂದದ್ದು 'ಶಕ್ಕರ್'. ಇಷ್ಟು ದೀರ್ಘ ಹಾದಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಆಲ್ಬಂ. ನಡುನಡುವೆ ಸಿನಿಮಾಗಳಿಗೆ ಸಂಗೀತ, ಮತ್ತೆ ಲೆಕ್ಕವಿಲ್ಲದಷ್ಟು ವೇದಿಕೆ.

ಹಾಗಾದರೆ 2008ರದ್ದನ್ನು ಮೊದಲು, 2013ರದ್ದನ್ನು ಆಮೇಲೆ ಕೇಳಿದರಾಯಿತಲ್ಲ, ಇದಕ್ಕೇನು ಉಪನ್ಯಾಸ ಎನ್ನಬಹುದು. ಈ ಕಾಲಾನುಕ್ರಮ ಎಂಬುದು ಪಿಎಚ್‌.ಡಿ. ಮಾಡುವವರಿಗೆ ಸರಿ, ಕೇಳುವವರಿಗಲ್ಲ. ಜಗತ್ತಿನಲ್ಲಿ 'ಎಲ್ಲಿಂದ ಶುರುಮಾಡಲಿ' ಎಂಬ ಪ್ರಶ್ನೆಯನ್ನು ಅತಿ ಹೆಚ್ಚು ಜನ ಕೇಳಿರುವುದು ಬಾಬ್ ಡೈಲನ್ ಬಗ್ಗೆ ಇರಬೇಕು. ಆತನ ಮೊದಲ ಆಲ್ಬಂ 1962ರದ್ದು. ಅದರಲ್ಲಿ 13 ಹಾಡು, ಆತ ಸ್ವಂತವಾಗಿ ಬರೆದದ್ದು ಎರಡೇ ಎರಡು. ಉಳಿದವೆಲ್ಲ ಅಮೆರಿಕದ ಹಳೆಯ ಜನಪದ ಹಾಡುಗಳು, ಕರಿಯರ ಬ್ಲೂಸ್, ಬೇರೆಯವರ ರಚನೆಗಳು. ಮುಂದೆ 2016ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಕವಿಯನ್ನು ಹುಡುಕಿಕೊಂಡು ಆ ಮೊದಲ ಆಲ್ಬಂಗೆ ಹೋದರೆ ಅವನು ಅಲ್ಲಿ ಮನೆಯಲ್ಲೇ ಇರುವುದಿಲ್ಲ. ಆದರೆ ಆ ಹಳೆಯ ಅಮೆರಿಕನ್ ಹಾಡುಗಳನ್ನು ಕೇಳುತ್ತ ಬೆಳೆದವನಿಗೆ ಅದೇ ಆಲ್ಬಂ ಒಳ್ಳೆಯ ಬಾಗಿಲು. ಅಂದರೆ ಎಲ್ಲಿಂದ ಶುರುಮಾಡಬೇಕು ಎಂಬುದು ಹಾಡುವವನ ಇಸವಿಯನ್ನು ನೋಡಿ ಹೇಳುವ ಮಾತಲ್ಲ, ಕೇಳುವವನ ಊರನ್ನು ನೋಡಿ ಹೇಳಬೇಕಾದದ್ದು. ಮುಂಬೈಯವನಿಗೆ ನಾನು ಒಂದು ಹಾಡು ಹೇಳುತ್ತೇನೆ, ಲಂಡನ್ನಿನಲ್ಲಿರುವ ನಮ್ಮವರ ಮಕ್ಕಳಿಗೆ ಇನ್ನೊಂದು. ಗುಂಡ್ಲುಪೇಟೆಯವರಿಗೆ ಹೇಳುವುದು ಬೇರೆಯೇ.

ಗುಂಡ್ಲುಪೇಟೆಯವರು ಶುರುಮಾಡಬೇಕಾದದ್ದು ಆಲ್ಬಂನಿಂದಲೇ ಅಲ್ಲ ಎಂಬುದು ನನ್ನ ವಾದ. 2008ರಲ್ಲೇ ಬಂದ 'ಸೈಕೋ' ಎಂಬ ಕನ್ನಡ ಸಿನಿಮಾಕ್ಕೆ ರಘು ಸಂಗೀತ ಕೊಟ್ಟರು. ಚಿತ್ರವನ್ನು ಎಷ್ಟು ಜನ ನೋಡಿದಿರೋ, 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಹಾಡನ್ನಂತೂ ಇಲ್ಲಿ ಕೇಳದವರಿಲ್ಲ. ಆಟೋದಲ್ಲಿ ಕೇಳಿದ್ದೀರಿ, ಕಾಲೇಜ್ ಡೇಯಲ್ಲಿ ಕುಣಿದಿದ್ದೀರಿ. ಅಲ್ಲಿಂದ ಶುರುಮಾಡಿ.

ಯಾಕೆ ಅಂದರೆ, ರಘು ಹೊಸದಾಗಿ ಏನು ಮಾಡಿದ್ದಾರೆ ಎಂದು ಪತ್ತೆಹಚ್ಚುವ ಕಿವಿ ಈ ಜಿಲ್ಲೆಯವರಿಗೆ ಇದೆ, ಬೇರೆ ಕಡೆಯವರಿಗೆ ಅಷ್ಟಾಗಿ ಇಲ್ಲ. ಬೆಂಗಳೂರಿನವನಿಗೆ ಅದೊಂದು ಒಳ್ಳೆಯ ಬೀಟ್ ಇರುವ ಹಾಡು. ನಮ್ಮ ಬಾಯಲ್ಲಿ ಮಾದಪ್ಪನಾದ ಈ ಮಹದೇಶ್ವರನ ಪರಸೆಗೆ ನಡೆದುಕೊಂಡು ಹೋದವರ ಮನೆಯ ಮಕ್ಕಳಿಗೆ ಹಾಗಲ್ಲ. ನೀವು ಮಾದಪ್ಪನ ಹಾಡಿಗೆ ಹಿಡಿಯುವ ಕಂಸಾಳೆ ಕಂಡವರು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಚಪ್ಪಟೆ ತಾಳ, ಅದರ ನಡುವಿನ ದಾರಕ್ಕೆ ಗೊಂಡೆ. ಬೀಸು ಕಂಸಾಳೆಯವರು ಬಲಗೈಯ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ಬಟ್ಟಲಿಗೂ ಬೀಸಿ ಹೊಡೆಯುವಾಗ ಲಯ ಒಂದು ಎಳೆ ತಪ್ಪಿದರೂ ಏಟು ಬೀಳುವುದು ಕೈಗೆ. ಆ ಹಾಡಿನಲ್ಲಿ ಗಿಟಾರಿನ ತಂತಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉಜ್ಜುವ ರೀತಿಯನ್ನು ಸ್ವಲ್ಪ ಗಮನವಿಟ್ಟು ಕೇಳಿ. ಅಲ್ಲಿ ಗಿಟಾರ್ ರಾಗದ ಕೆಲಸಕ್ಕಿಂತ ತಾಳದ ಕೆಲಸ ಮಾಡುತ್ತಿರುತ್ತದೆ. ವೇದಿಕೆಯ ಮೇಲೆ ಇದನ್ನೇ ಹಾಡುವಾಗ ಕಾಲಿನ ಗೆಜ್ಜೆಯೂ ಸೇರಿಕೊಳ್ಳುತ್ತದೆ. ಭರತನಾಟ್ಯ ಕಲಿತವನ ಕಾಲು ಅದು, ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ರಾಕ್ ತಂಡದಲ್ಲಿ ಡ್ರಮ್ಸ್‌ಗೆ ಬಿಟ್ಟುಕೊಡುವ ಕೆಲಸವನ್ನು ಈ ಮನುಷ್ಯ ಅರ್ಧ ತನ್ನ ಮೈಯಲ್ಲೇ ಇಟ್ಟುಕೊಂಡಿದ್ದಾರೆ. ಇದು ಮೊದಲು ಗೊತ್ತಾದರೆ ಮುಂದಿನ ಎಲ್ಲ ಆಲ್ಬಂ ಕೇಳುವುದು ಸುಲಭ.

ಆ ಹಾಡಿನ ಬಗ್ಗೆ ನನ್ನ ತಕರಾರೂ ಇದೆ. ಕಂಸಾಳೆ ಹಿಡಿದು ಹಾಡುವ ನಮ್ಮ ದೇವರಗುಡ್ಡರು ಮಾದಪ್ಪನನ್ನು ಅಷ್ಟು ಅವಸರದಲ್ಲಿ ಕರೆಯುವುದಿಲ್ಲ. ಗುರುವನ್ನು, ದೇವರನ್ನು ನೆನೆದು, ಕೂತ ಜನರನ್ನು ಸ್ವಲ್ಪ ಪಳಗಿಸಿಕೊಂಡು ಆಮೇಲೆ ಕತೆಗೆ ಇಳಿಯುತ್ತಾರೆ. ಮುಂದಿನವನು ಹಾಡಿ ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿದು ಎಳೆಯುತ್ತಾರೆ. ಆ ಎಳೆತದಲ್ಲೇ ಅರ್ಧ ಕತೆ ನಡೆಯುತ್ತದೆ. ಸಿನಿಮಾ ಹಾಡಿಗೆ ಅಷ್ಟು ಪುರಸೊತ್ತಿಲ್ಲ, ನಾಲ್ಕೈದು ನಿಮಿಷದಲ್ಲಿ ಎಪ್ಪತ್ತೇಳು ಮಲೆ ಹತ್ತಿ ಇಳಿಯಬೇಕು. ಜೊತೆಗೆ ಅದು ಭಜನೆಯ ಪುಸ್ತಕಕ್ಕೆ ಸೇರುವ ಹಾಡೂ ಅಲ್ಲ. ಇರಲಿ. 1996ರ 'ಜನುಮದ ಜೋಡಿ'ಯಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ ಜಂಗಮದೇವರು' ಕೂಡ ಇದೇ ಮಾದಪ್ಪನ ಹಾಡು. ಅವೆರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಹನ್ನೆರಡು ವರ್ಷದಲ್ಲಿ ಸಿನಿಮಾದೊಳಗೆ ಜನಪದದ ವೇಗ ಎಷ್ಟು ಬದಲಾಯಿತು ಎಂಬುದು ಪುಸ್ತಕ ಓದದೆಯೇ ತಿಳಿಯುತ್ತದೆ.

ಮಾದಪ್ಪನ ಕತೆಯ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಎಲ್ಲಿಂದ ಶುರುಮಾಡುವುದು ಎಂಬ ಪ್ರಶ್ನೆಯನ್ನು ಈ ಸೀಮೆಯ ಹಾಡುಗಾರರು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಮಹದೇಶ್ವರ ಕಾವ್ಯ ರಾತ್ರಿಗಟ್ಟಲೆ ಹಾಡುವಂಥದ್ದು. ಪಿ.ಕೆ. ರಾಜಶೇಖರ ಅದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಮುಂದೆ 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೇಶವನ್ ಪ್ರಸಾದ್ ಸಂಪಾದಿಸಿದ ಪಠ್ಯವನ್ನು ತಂದಿತು. ಪುಸ್ತಕ ತೆಗೆದರೆ ಮೊದಲ ಪುಟ, ಕೊನೆಯ ಪುಟ ಇರುತ್ತದೆ. ಹಾಡಿನಲ್ಲಿ ಹಾಗಿಲ್ಲ. ಅಲ್ಲಿ ಇರುವುದು ಸಾಲುಗಳು, ಅಂದರೆ ಕತೆಯ ಬಿಡಿ ಭಾಗಗಳು: ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು. ಹರಕೆ ಹೊತ್ತ ಮನೆಯವರು ಈ ರಾತ್ರಿ ಯಾವ ಸಾಲು ಬೇಕು ಅನ್ನುತ್ತಾರೋ ಅದು. ಮಾದಪ್ಪ ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ ಎಂದು ಮೊದಲು ಕೇಳಿಕೊಂಡೇ ಸಂಕಮ್ಮನ ಕಷ್ಟಕ್ಕೆ ಬರಬೇಕೆಂಬ ಕಟ್ಟಳೆ ಇಲ್ಲ. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅಲ್ಲಿಂದ ಕತೆ ಕಟ್ಟಿಕೊಳ್ಳುತ್ತದೆ. ಆ ಒಂದು ಸಾಲನ್ನೇ ಕೇಳಿದವರಿಗೂ ಮಾದಪ್ಪ ಯಾರು ಎಂಬುದು ತಿಳಿದಿರುತ್ತದೆ.

ಮಂಟೇಸ್ವಾಮಿ ಪರಂಪರೆಯ ಕತೆಗಳನ್ನು ಹಾಡುವ ನೀಲಗಾರರದೂ ಇದೇ ಕ್ರಮ. ತಂಬೂರಿ, ಗಗ್ಗರ, ದಮ್ಮಡಿ ಇಟ್ಟುಕೊಂಡು ಕೂತರೆ ರಾಚಪ್ಪಾಜಿಯ ಕತೆ, ಸಿದ್ದಪ್ಪಾಜಿಯ ಕತೆ ಎಂದು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿಯಲ್ಲಿ ಈ ಕತೆಗಳು ಕ್ಯಾಸೆಟ್ಟಿಗೆ ಬಂದಾಗಲೂ ಜನ ತಮಗೆ ಬೇಕಾದ ಭಾಗದ ಕ್ಯಾಸೆಟ್ಟನ್ನೇ ಸವೆಯುವ ತನಕ ಹಾಕಿದರು. ಆದ್ದರಿಂದ ಆಲ್ಬಂನ ನಡುವಿನ ಹಾಡಿನಿಂದ ಶುರುಮಾಡಿದರೆ ತಪ್ಪಾಗುತ್ತದೇನೋ ಎಂಬ ಅಳುಕು ನಮ್ಮವರಿಗಂತೂ ಬೇಡ.

ಮಹದೇಶ್ವರನ ಹಾಡಾದ ಮೇಲೆ ಮೊದಲ ಆಲ್ಬಂಗೆ ಬನ್ನಿ, ಆದರೆ ನೇರವಾಗಿ ಶರೀಫರ ಹಾಡುಗಳಿಗೆ ಹೋಗಿ. ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು, ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ತತ್ವಪದಗಳು ಹಳೆ ಮೈಸೂರಿನ ನಮ್ಮಂಥವರ ಕಿವಿಗೆ ಬಿದ್ದದ್ದು ಸಿ. ಅಶ್ವತ್ಥ್ ದನಿಯಲ್ಲಿ. ಆಮೇಲೆ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು, ಅದಕ್ಕೂ ಅಶ್ವತ್ಥರದೇ ಸಂಗೀತ. ಎಷ್ಟರಮಟ್ಟಿಗೆ ಎಂದರೆ, ಶರೀಫರ ಹಾಡಿಗೆ ಅಶ್ವತ್ಥರ ಧಾಟಿಯೇ ಮೂಲಧಾಟಿ ಎಂದು ಒಂದು ತಲೆಮಾರು ನಂಬಿಬಿಟ್ಟಿತು. ಅಂಥ ಹೊತ್ತಿನಲ್ಲಿ ಒಬ್ಬ ಮೈಸೂರಿನ ಹುಡುಗ ಆ ಧಾಟಿಯ ಹತ್ತಿರವೂ ಸುಳಿಯದೆ 'ಗುಡುಗುಡಿಯ ಸೇದಿ ನೋಡೋ' ಹಾಡಲು ಧೈರ್ಯ ಬೇಕಿತ್ತು.

ಈ ಹಾಡು ವೇದಿಕೆಯ ಮೇಲೆ ಶುರುವಾಗುತ್ತಲೇ ಕಾಲೇಜು ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅರ್ಧ ಜನ ಇದನ್ನು ಧೂಮಪಾನದ ಹಾಡು ಎಂದೇ ತಿಳಿದಿರುತ್ತಾರೆ. ಆದರೆ ಶರೀಫರ ಗುಡುಗುಡಿಯಲ್ಲಿ, ಅಂದರೆ ಹುಕ್ಕಾದಲ್ಲಿ, ಮನಸ್ಸೇ ಸಂಚಿ, ಸೇದಿ ಹೊರಗೆ ಎಸೆಯಬೇಕಾದದ್ದು ನಮ್ಮೊಳಗಿನ ರೋಗ. ಒಂದೊಂದು ಭಾಗಕ್ಕೂ ಸಾಧನೆಯ ಒಂದೊಂದು ಅರ್ಥ ಕೂಡಿಬರುತ್ತದೆ. ರಘು ಇದನ್ನೆಲ್ಲ ವಿವರಿಸುತ್ತ ಕೂರುವುದಿಲ್ಲ. ಕೆಲವು ಹಿರಿಯರಿಗೆ ಇದರಿಂದ ಬೇಸರವಿದೆ, ತತ್ವಪದವನ್ನು ಕುಣಿಯುವ ಹಾಡು ಮಾಡಿದರು ಎನ್ನುತ್ತಾರೆ. ನನಗೆ ಆ ಬೇಸರವಿಲ್ಲ. ಶರೀಫರು ಬೇಕೆಂದೇ ಹುಕ್ಕಾ ತೋರಿಸಿ ಕರೆದವರು. ಹುಕ್ಕಾದ ಆಸೆಗೆ ಹತ್ತಿರ ಬಂದವನಿಗೆ ಒಳಗಿನದು ಸಿಕ್ಕಿದರೆ ಸಿಕ್ಕಿತು. ಇವತ್ತು ಶಿಳ್ಳೆ ಹೊಡೆದ ಹುಡುಗ ಹತ್ತು ವರ್ಷದ ಮೇಲೆ ಯಾವತ್ತೋ ಒಂದು ದಿನ ಆ ಮಾತುಗಳನ್ನು ಬಿಡಿಸಿ ನೋಡಬಹುದು. ಬಾಯಿಪಾಠವಂತೂ ಆಗಿಹೋಗಿರುತ್ತದೆ. ಅದು ಸಾಮಾನ್ಯ ಕೆಲಸವೇನಲ್ಲ. ತರಗತಿಯಲ್ಲಿ ನಾವು ಅದನ್ನು ಎಷ್ಟು ಜನರಿಗೆ ಮಾಡಿಸಿದ್ದೇವೆ?

ಇಲ್ಲಿಂದ ಮುಂದೆ ಅವರ ಸ್ವಂತ ಹಾಡುಗಳಿಗೆ. ಬರೆದು, ರಾಗ ಹಾಕಿ, ತಾನೇ ಹಾಡುವವನು ಎಂಬುದು ರಾಕ್ ಜಗತ್ತಿನಲ್ಲಿ ದೊಡ್ಡ ಬಿರುದು. ನಮ್ಮಲ್ಲಿ ಅದು ಮೊದಲಿಂದ ಇದ್ದ ಸಂಗತಿ, ಶರೀಫರು ಮಾಡಿದ್ದೂ ಅದನ್ನೇ. ಮೊದಲ ಆಲ್ಬಂನಲ್ಲಿ ಇಂಗ್ಲಿಷಿನ ಒಂದು ಹಾಡಿದೆ, ಮುಂಬೈಗೆ ಹೋಗಿ ಪವಾಡಕ್ಕಾಗಿ ಕಾಯುತ್ತ ಕೂತವನ ಹಾಡು. ರಘು ಆಗ ಇದ್ದ ಸ್ಥಿತಿಯೂ ಅದೇ. ಅವಕಾಶ ಹುಡುಕಿಕೊಂಡು ಹೋದವರನ್ನು ವಿಶಾಲ್–ಶೇಖರ್ ಕೇಳಿದ ಮೇಲೆಯೇ ಆಲ್ಬಂ ಆದದ್ದು. ನಮ್ಮ ತಾಲ್ಲೂಕಿನಿಂದ ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ಕೂತು ಇಂಟರ್‌ವ್ಯೂ ಕರೆಗೆ ಕಾಯುವ ಹುಡುಗ ಹುಡುಗಿಯರಿಗೆ ಅದನ್ನು ವಿಶೇಷವಾಗಿ ಹೇಳುತ್ತೇನೆ. ಹಿಂದಿಯ 'ಹೇ ಭಗವಾನ್' ದೇವರ ಹತ್ತಿರ ಇನ್ನೊಂದು ಅವಕಾಶ ಕೇಳುವ ಹಾಡು. 'ಮೈಸೂರ್ ಸೇ ಆಯೀ' ಹಗುರ, ಖುಷಿಯ ಹಾಡು. ಹಿಂದಿ ಹಾಡುಗಳ ಸಾಹಿತ್ಯಕ್ಕೆ ಅವರು ಬೇರೆಯವರ ನೆರವು ಪಡೆದದ್ದುಂಟು, ಅದು ಕೇಳಿದಾಗ ಗೊತ್ತೂ ಆಗುತ್ತದೆ. ಕನ್ನಡದಲ್ಲಿ ನಾಲಿಗೆ ಬಿಚ್ಚುವಷ್ಟು ಧಾರಾಳವಾಗಿ ಹಿಂದಿಯಲ್ಲಿ ಬಿಚ್ಚುವುದಿಲ್ಲ. ಮೂರು ಭಾಷೆಯನ್ನು ಒಂದೇ ತಟ್ಟೆಯಲ್ಲಿ ಬಡಿಸಿದ್ದರಿಂದ ಯಾವ ಭಾಷೆಯವರಿಗೂ ಪೂರ್ತಿ ಸಿಗದ ಆಲ್ಬಂ ಅದು ಎಂದು ದೂರುವವರಿದ್ದಾರೆ. ಕೇರಳಕ್ಕೆ ಒಂದು ದಾರಿ, ಊಟಿಗೆ ಒಂದು ದಾರಿ, ಮೈಸೂರಿಗೆ ಒಂದು ದಾರಿ ಇರುವ ಈ ಪೇಟೆಯಲ್ಲಿ ಆ ದೂರನ್ನು ಯಾರೂ ಎತ್ತಲಾರರು. ಇಲ್ಲಿನ ಚೆಂಡುಹೂವಿನ ವ್ಯಾಪಾರವೇ ಮೂರು ಭಾಷೆಯಲ್ಲಿ ನಡೆಯುತ್ತದೆ.

'ಜಗ್ ಚಂಗಾ' ನನ್ನ ಪ್ರಕಾರ ಮೊದಲನೆಯದಕ್ಕಿಂತ ನುಣುಪು, ಅದೇ ಅದರ ಕೊರತೆಯೂ ಹೌದು. ಮೊದಲ ಆಲ್ಬಂನಲ್ಲಿ ಎಷ್ಟೋ ವರ್ಷ ವೇದಿಕೆಯ ಮೇಲೆ ಹಾಡಿ ಹಾಡಿ ಮೈಗೆ ಒಗ್ಗಿದ ಹಾಡುಗಳಿದ್ದವು. ಎರಡನೆಯದರ ಹೊತ್ತಿಗೆ ಹೊರದೇಶದ ಉತ್ಸವಗಳನ್ನು ನೋಡಿ ಆಗಿತ್ತು, ದೊಡ್ಡ ಸ್ಟುಡಿಯೋಗಳ ಪರಿಚಯವಾಗಿತ್ತು. ಹಾಡುಗಳು ಹದವಾಗಿ ಬೆಂದಿವೆ, ಆದರೆ ಸೀದ ಅಂಚಿನ ರುಚಿ ಇಲ್ಲ. ಅದರಲ್ಲೂ ಬಿಡದೆ ಕೇಳಬೇಕಾದದ್ದು ಶರೀಫರ 'ಲೋಕದ ಕಾಳಜಿ'. ಊರ ಉಸಾಬರಿಯನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವವನನ್ನು ಕೆಣಕುವ ಪದ ಅದು. ಚುನಾವಣೆಯ ಕಾಲದಲ್ಲಿ ಕೇಳಿದರೆ ಇನ್ನೂ ಚೆನ್ನ. 'ಶಕ್ಕರ್' ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಗೆ ತಲುಪುವ ಹೊತ್ತಿಗೆ ನಿಮ್ಮ ಅಭಿಪ್ರಾಯ ನಿಮಗೇ ಇರುತ್ತದೆ.

ಸಿನಿಮಾ ಸಂಗೀತದಲ್ಲಿ ಅವರದು ಏರುಪೇರಿನ ದಾರಿ. 2010ರಲ್ಲಿ ಸುದೀಪ್ ನಿರ್ದೇಶಿಸಿದ 'ಜಸ್ಟ್ ಮಾತ್ ಮಾತಲ್ಲಿ'ಯ ಹಾಡುಗಳು ಚೆನ್ನಾಗಿವೆ. 'ಮುಂಜಾನೆ ಮಂಜಲ್ಲಿ' ಹಾಡಿನಲ್ಲಿ ರಘು ದನಿ ಏರಿಸದೆ, ಕುಣಿಯದೆ ಹಾಡಿದ್ದಾರೆ. ಗೆಜ್ಜೆ ಬಿಚ್ಚಿಟ್ಟಾಗ ಈ ಗಾಯಕ ಹೇಗೆ ಕೇಳಿಸುತ್ತಾರೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಹಿಂದಿಯಲ್ಲೂ ಒಂದೆರಡು ಚಿತ್ರ ಮಾಡಿದರು, ಆಮೇಲೆ ಕನ್ನಡದಲ್ಲಿ 'ನಿನ್ನ ಸನಿಹಕೆ' ಬಂತು. ಎಲ್ಲವನ್ನೂ ಕೇಳಲೇಬೇಕೆಂದು ನಾನು ಹೇಳಲಾರೆ.

ಬೆಂಗಳೂರಿನ 'ಸ್ವರಾತ್ಮ' ತಂಡವನ್ನು ಕೆಲವರು ಇವರ ಜೊತೆ ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ, ಅಲ್ಲಿ ಹಾಡುವವರು ವಾಸು ದೀಕ್ಷಿತ್. ಆ ತಂಡದ ಮೊದಲ ಆಲ್ಬಂ 2009ರದ್ದು, ಅದರಲ್ಲಿ ಕಾವೇರಿಯ ಬಗ್ಗೆ ಒಂದು ಹಾಡಿದೆ. ಅದು ಇನ್ನೊಂದು ಉಪನ್ಯಾಸದ ವಿಷಯ, ಯಾರಾದರೂ ದತ್ತಿ ಇಡಬೇಕಷ್ಟೆ.

ಎಲ್ಲಿ ಕೂತು ಕೇಳಬೇಕು ಎಂದೂ ಕೇಳುತ್ತಾರೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಮಂಜಿನಲ್ಲಿ ಹಾಡು ಹಾಕಿಕೊಂಡು ವಿಡಿಯೋ ಮಾಡುವ ಆಸೆ ಹುಡುಗರಿಗಿದೆ ಎಂದು ನನಗೆ ಗೊತ್ತು. ಬೇಡ. ಅದು 1,454 ಮೀಟರ್ ಎತ್ತರದ ಬೆಟ್ಟ, ಸುತ್ತ ಬಂಡೀಪುರದ ಕಾಡು. ಬೆಟ್ಟದ ಬುಡದಿಂದ ಮೇಲಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕೆಂಬ ನಿಯಮ ಮಾಡಿರುವುದು ಕಾಡಿನ ಪ್ರಾಣಿಗಳಿಗೆ ನಮ್ಮ ಗಲಾಟೆ ತಟ್ಟಬಾರದೆಂದು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳಿ, ಯಾರ ಅಡ್ಡಿಯೂ ಇಲ್ಲ. ಮೇಲೆ ಹೋದ ಮೇಲೆ ತೆಗೆದುಬಿಡಿ. ಅಲ್ಲಿನ ದೇವರೇ ಮರದ ಕೆಳಗೆ ಕೊಳಲು ಹಿಡಿದು ನಿಂತವನು, ಅವನೆದುರು ಸ್ಪೀಕರ್ ಹಾಕುವುದು ಯಾವ ಲೆಕ್ಕದಲ್ಲೂ ಮರ್ಯಾದೆಯಲ್ಲ. ಕೊಳಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ರಘು ತಂಡದಲ್ಲಿ ಗಿಟಾರ್ ಸುಮ್ಮನಾಗಿ ಕೊಳಲು, ಪಿಟೀಲು ಮುಂದೆ ಬರುವ ಜಾಗಗಳನ್ನು ಕಾದು ಕೇಳಿ. ಅವರ ಸಂಗೀತದ ಗಟ್ಟಿ ಭಾಗಗಳು ಎಷ್ಟೋ ಸಲ ಅವರು ಹಾಡು ನಿಲ್ಲಿಸಿದಾಗ ಬರುತ್ತವೆ.

ಇನ್ನು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಜಗಳವಾಗದಂತೆ ಕೇಳಲು ಒಂದು ಉಪಾಯ. ಶರೀಫರ 'ಸೋರುತಿಹುದು ಮನಿಯ ಮಾಳಿಗಿ' ಮೊದಲ ಆಲ್ಬಂನಲ್ಲಿದೆ. ಅಶ್ವತ್ಥ್ ಹಾಡಿದ್ದೂ ಇದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿ ಅಷ್ಟು ದೊಡ್ಡ ಜನಸಾಗರವನ್ನು ಬರೀ ಭಾವಗೀತೆಗಳಿಂದ ಹಿಡಿದು ಕೂರಿಸಿದ ಅದೇ ಅಶ್ವತ್ಥ್. ಮೊದಲು ಅವರದನ್ನು ಹಾಕಿ, ಅಪ್ಪ ತಲೆದೂಗುತ್ತಾರೆ. ಆಮೇಲೆ ರಘು ಅವರದನ್ನು ಹಾಕಿ. ಒಬ್ಬರು ಆ ಮಾಳಿಗೆ ಸೋರುವುದನ್ನು ಒಳಗೆ ಕೂತು ನೋಡಿದವರ ಹಾಗೆ ಹಾಡುತ್ತಾರೆ, ಇನ್ನೊಬ್ಬರು ಬೀದಿಗೆ ಬಂದು ನಾಲ್ಕು ಜನಕ್ಕೆ ಕೂಗಿ ಹೇಳುವವರ ಹಾಗೆ. ಎರಡನ್ನೂ ಕೇಳಿದ ಮೇಲೆ ನಿಮ್ಮಪ್ಪ ಅಶ್ವತ್ಥರೇ ವಾಸಿ ಎಂದರೆ ವಾದಿಸಬೇಡಿ. ಎಷ್ಟೋ ದಿನ ನನಗೂ ಹಾಗೇ ಅನ್ನಿಸುತ್ತದೆ.

ಪ್ರಶ್ನೆಗಳಿಗೆ ಸ್ವಲ್ಪ ಹೊತ್ತು ಇದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಏನು ಬೇಕಾದರೂ ಕೇಳಿ, ಹಾಡಿ ತೋರಿಸಿ ಎಂದು ಮಾತ್ರ ಕೇಳಬೇಡಿ.